ಪ್ರೇರಿ ಡಾಗ್‌ಗಳನ್ನು ಮತ್ತೆ ಹುಲ್ಲುಗಾವಲಿಗೆ ತರುವುದು ಹೇಗೆ?

ಹೆಸರಿನಲ್ಲಿ ಡಾಗ್ ಇದ್ದರೂ ಇದು ನಾಯಿಯಲ್ಲ, ಅಳಿಲಿನ ಬಳಗದ್ದು. ತೂಕ ಹೆಚ್ಚೆಂದರೆ ಒಂದೂವರೆ ಕಿಲೋ. ಉತ್ತರ ಅಮೆರಿಕದ ಹುಲ್ಲುಗಾವಲಿನಲ್ಲಿ ಬಿಲ ತೋಡಿ, ಊರಿಗೆ ಊರೇ ಕಟ್ಟಿಕೊಂಡು ಬದುಕುತ್ತದೆ. ದನಗಳ ಮೇವು ತಿಂದುಹಾಕುತ್ತದೆ ಎಂದು ಕಳೆದ ಶತಮಾನದಲ್ಲಿ ಇದಕ್ಕೆ ವಿಷ ಹಾಕಿ ಕೊಂದರು. ಉಳಿದವುಗಳಿಗೆ ಪ್ಲೇಗ್ ಬಡಿಯಿತು. ಅಮೆರಿಕದ ಅರಿಜೋನಾ ರಾಜ್ಯದಲ್ಲಂತೂ ಕಪ್ಪು ಬಾಲದ ಪ್ರೇರಿ ಡಾಗ್ ಎಂಬ ಜಾತಿ ಪೂರ್ತಿ ಅಳಿದುಹೋಗಿತ್ತು. 2008ರಲ್ಲಿ ಅಲ್ಲಿನ ಲಾಸ್ ಸಿಯೆನೆಗಾಸ್ ಹುಲ್ಲುಗಾವಲಿಗೆ ಬೇರೆ ಕಡೆಯಿಂದ ತಂದು ಬಿಟ್ಟರು.

ಇಷ್ಟು ಶ್ರಮ ಏಕೆ? ಇದು ತೋಡಿದ ಬಿಲದಲ್ಲಿ ಗೂಬೆ ಮರಿ ಮಾಡುತ್ತದೆ. ಕಪ್ಪು ಕಾಲಿನ ಫೆರೆಟ್ ಎಂಬ ಉದ್ದ ಮೈಯ ಸಣ್ಣ ಬೇಟೆಪ್ರಾಣಿಗೆ ಊಟವೂ ಇದೇ, ಮನೆಯೂ ಇದರದೇ. ಆ ಫೆರೆಟ್ 1987ರಲ್ಲಿ ಬರೀ 18 ಉಳಿದಿದ್ದವು. ಮೆಸ್ಕೀಟ್ ಎಂಬ ಮುಳ್ಳುಗಿಡದ ಸಸಿಗಳನ್ನು ಪ್ರೇರಿ ಡಾಗ್ ಕಡಿದು ಹಾಕುತ್ತದೆ. ಇದು ಇಲ್ಲದ ಕಡೆ ಆ ಮುಳ್ಳುಗಿಡ ಹುಲ್ಲನ್ನು ನುಂಗುತ್ತಾ ಬರುತ್ತದೆ.

ಶುರು ಮಾಡಬೇಕಾದದ್ದು ಪರವಾನಗಿಯಿಂದ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಒಂದು ಕೌಂಟಿಯಿಂದ (ನಮ್ಮ ಜಿಲ್ಲೆಯಂಥದ್ದು) ಇನ್ನೊಂದಕ್ಕೆ ಸಾಗಿಸಲು, ತರಿಸಿಕೊಳ್ಳುವ ಕೌಂಟಿಯ ಆಡಳಿತ ಒಪ್ಪಲೇಬೇಕು. ಅಕ್ಕಪಕ್ಕದ ದನ ಸಾಕುವವರ ಜೊತೆಗೂ ಮೊದಲೇ ಕೂತು ಮಾತಾಡಬೇಕು. ಅವರ ಆತಂಕ ಸುಳ್ಳಲ್ಲ.

ತಂದು ಬಿಡುವ ಜಾಗದಲ್ಲಿ ಹಳೆಯ ಖಾಲಿ ಬಿಲಗಳಿದ್ದರೆ ತುಂಬಾ ಒಳ್ಳೆಯದು. ಹುಲ್ಲು ಎತ್ತರ ಇದ್ದರೆ ಕತ್ತರಿಸಿ. ಪ್ರೇರಿ ಡಾಗ್ ಎದ್ದು ನಿಂತು ನೋಡಿದಾಗ, ತೋಳದ ಬಳಗದ ಕಯೋಟಿ ಬರುವುದು ದೂರದಿಂದಲೇ ಕಾಣಬೇಕು, ಅಲ್ವಾ? ಬಿಲ ಇಲ್ಲದಿದ್ದರೆ ನಾವೇ ಮಾಡಿಕೊಡಬೇಕು. ನೆಲದೊಳಗೆ ಒಂದು ಪೆಟ್ಟಿಗೆ ಹೂತು, ಅದರಿಂದ ಮೇಲಕ್ಕೆ ಓರೆಯಾಗಿ ಸುಮಾರು ಹತ್ತು ಸೆಂಟಿಮೀಟರ್ ಅಗಲದ, ಏಣುಗಳಿರುವ ಪ್ಲಾಸ್ಟಿಕ್ ಪೈಪ್ ಹಾಕುತ್ತಾರೆ. ನುಣುಪಾದ ಪೈಪ್ ಬೇಡ, ಕಾಲು ಜಾರುತ್ತದೆ.

ಹಿಡಿಯುವ ಕೆಲಸ ಮರಿಗಳು ಬಲಿತ ಮೇಲೆ, ಬೇಸಿಗೆಯ ಕೊನೆಯ ಹೊತ್ತಿಗೆ. ಬೋನಿನಲ್ಲಿ ಓಟ್ಸ್ ಇಟ್ಟರೆ ಬರುತ್ತವೆ. ನನ್ನ ಲೆಕ್ಕದಲ್ಲಿ ಇಡೀ ಕೆಲಸ ನಿಂತಿರುವುದು ಇಲ್ಲೇ. ಯಾವ ಪ್ರಾಣಿ ಯಾವ ಬಿಲದ ಹತ್ತಿರ ಸಿಕ್ಕಿತು ಎಂದು ತಪ್ಪದೆ ಬರೆದಿಡಬೇಕು. ಏಕೆಂದರೆ ಇವು ಕುಟುಂಬವಾಗಿ ಬಾಳುವ ಜೀವಗಳು. ಸಾಮಾನ್ಯವಾಗಿ ಒಂದು ದೊಡ್ಡ ಗಂಡು, ಎರಡು ಮೂರು ಹೆಣ್ಣು, ಅವುಗಳ ಮರಿಗಳು. ಒಂದು ಕೂಗಿದರೆ ಉಳಿದವು ಬಿಲಕ್ಕೆ ಓಡುತ್ತವೆ. ಡೆಬ್ರಾ ಶಿಯರ್ ಎಂಬ ವಿಜ್ಞಾನಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ: ಕುಟುಂಬದ ಜೊತೆ ಸಾಗಿಸಿದವು ಬದುಕುಳಿಯುವ ಸಾಧ್ಯತೆ, ಸುಮ್ನೆ ಕಲಸಿ ಸಾಗಿಸಿದವುಗಳಿಗಿಂತ ಐದು ಪಟ್ಟು ಜಾಸ್ತಿ. ಮರಿಗಳೂ ಜಾಸ್ತಿ ಆದವು. ಅವಸರಕ್ಕೆ ಬಿದ್ದು ಕೈಗೆ ಸಿಕ್ಕವನ್ನೆಲ್ಲ ಒಂದೇ ಗಾಡಿಗೆ ತುಂಬಿದರೆ, ಒಂದೊಂದೂ ಗುರುತಿಲ್ಲದವರ ನಡುವೆ ಒಂಟಿಯಾಗುತ್ತದೆ. ಒಂದು ಕುಟುಂಬ ಪೂರ್ತಿ ಸಿಗಲಿಲ್ಲವೇ? ಇನ್ನೂ ನಾಲ್ಕು ದಿನ ಬೋನು ಇಡಿ.

ಸಾಗಿಸುವ ಮೊದಲು ಮೈಮೇಲಿನ ಚಿಗಟ ಸಾಯುವ ಪುಡಿ ಹಾಕಬೇಕು. ಪ್ಲೇಗ್ ಹರಡುವುದು ಚಿಗಟದಿಂದಲೇ.

ಹೊಸ ಜಾಗದಲ್ಲಿ ಬಿಲದ ಬಾಯಿಗೆ ತಳವಿಲ್ಲದ ಪಂಜರ ಕೂರಿಸಿ, ಒಂದು ಕುಟುಂಬವನ್ನು ಒಟ್ಟಿಗೇ ಬಿಡಿ. ಕೆಲವು ದಿನ ಮೇವು ಹಾಕಿ, ಆಮೇಲೆ ಪಂಜರ ಎತ್ತಿ. ಮೊದಲ ವಾರಗಳಲ್ಲಿ ಬ್ಯಾಡ್ಜರ್ (ಬಿಲ ಅಗೆದು ಬೇಟೆಯಾಡುವ ಪ್ರಾಣಿ), ಹದ್ದುಗಳ ಕಾಟ ಜಾಸ್ತಿ. ಕೆಲವು ಸಾಯುತ್ತವೆ, ಕೆಲವು ದಿಕ್ಕೆಟ್ಟು ಹೋಗುತ್ತವೆ. ಅದಕ್ಕೇ ಮುಂದಿನ ವರ್ಷ ಇನ್ನಷ್ಟು ಕುಟುಂಬಗಳನ್ನು ತಂದು ಸೇರಿಸಬೇಕಾಗಬಹುದು.

ಇಲ್ಲಿಗೆ ಮುಗಿಯಿತು ಎಂದುಕೊಂಡವರ ಶ್ರಮ ಎಷ್ಟೋ ಸಲ ಪ್ಲೇಗ್‌ಗೆ ಬಲಿಯಾಗಿದೆ. ಒಮ್ಮೆ ಹೊಕ್ಕರೆ ಕೆಲವೇ ವಾರಗಳಲ್ಲಿ ಇಡೀ ಊರು ಖಾಲಿ. ಆದ್ದರಿಂದ ಬಿಲಗಳಿಗೆ ಡೆಲ್ಟಾಮೆಥ್ರಿನ್ ಎಂಬ ಚಿಗಟ ಕೊಲ್ಲುವ ಪುಡಿ ಹಾಕುವುದನ್ನು ವರ್ಷ ವರ್ಷವೂ ನಡೆಸಬೇಕು, ಅದರ ಖರ್ಚನ್ನು ಮೊದಲ ದಿನವೇ ತೆಗೆದಿಡಬೇಕು. ಮೇ, ಜೂನ್ ಹೊತ್ತಿಗೆ ಬೆಳಗ್ಗೆ ಹೋಗಿ ದೂರದಲ್ಲಿ ಕೂತು ನೋಡಿ. ಅಲ್ಲೇ ಹುಟ್ಟಿದ ಮರಿಗಳು ಮೊದಲ ಸಲ ಬಿಲದಿಂದ ತಲೆ ಹೊರಗೆ ಹಾಕುವುದು ಆಗಲೇ.