ಬಾರದವರ ಡಬ್ಬಿ

ಸಾಗರ ತಾಲ್ಲೂಕಿನ ಒಂದು ಸಣ್ಣ ಊರಲ್ಲಿ ನನ್ನ ಕ್ಲಿನಿಕ್ ಇದೆ. ಡಾಕ್ಟರ್ ನಾನೊಬ್ಬಳೇ, ಜೊತೆಗೊಬ್ಬ ಸಹಾಯಕಿ. ಬೆಳಿಗ್ಗೆ ಮೊದಲ ಬಸ್ಸು ಬಂದ ಕೂಡಲೇ ಬೆಂಚು ತುಂಬುತ್ತದೆ. ಮಧ್ಯಾಹ್ನದ ಬಸ್ಸು ಹೊರಡುವುದರೊಳಗೆ ಎಲ್ಲರನ್ನೂ ನೋಡಿ ಕಳಿಸಬೇಕು. ವರ್ಷಗಟ್ಟಲೆ ನನ್ನ ತಲೆಬಿಸಿಯೆಲ್ಲ ಆ ಬೆಂಚಿನದೇ ಆಗಿತ್ತು.

ಒಂದು ಜುಲೈನಲ್ಲಿ ಒಬ್ಬ ಅಡಿಕೆ ಬೆಳೆಗಾರರನ್ನು ಜೀಪಿನಲ್ಲಿ ಕರೆತಂದರು. ಬಾಯಿ ಸೊಟ್ಟಗಾಗಿತ್ತು, ಬಲಗೈ ಜೋತುಬಿದ್ದಿತ್ತು. ಪಾರ್ಶ್ವವಾಯು. ರಾತ್ರಿಯಿಂದಲೇ ಹೀಗಂತೆ. ಮಿದುಳಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿಯನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಹೊತ್ತು ಎಂದೋ ಮೀರಿತ್ತು, ಶಿವಮೊಗ್ಗಕ್ಕೆ ಇನ್ನೂ 70 ಕಿಲೋಮೀಟರಿಗಿಂತ ಜಾಸ್ತಿ ದಾರಿ. ಕಳಿಸಿದ ಮೇಲೆ ರಿಜಿಸ್ಟರ್ ತಿರುವಿದೆ. ಅವರು ನನ್ನದೇ ಬಿಪಿ ರೋಗಿ. ಕೊನೆಯ ಸಲ ಬಂದು ಎಂಟು ತಿಂಗಳಾಗಿತ್ತು.

ಆಮೇಲೊಂದು ದಿನ ಅವರ ಹೆಂಡತಿ ಬಂದಾಗ ಕೇಳಿದೆ. "ಬಿಪಿ ನಾರ್ಮಲ್ ಅಂದಿದ್ರಲ್ಲ ಡಾಕ್ಟ್ರೇ, ಅದಕ್ಕೇ ಮಾತ್ರೆ ಬಿಟ್ರು" ಅಂದರು. ಹೌದು, ಹಾಗಂದಿದ್ದು ನಾನೇ. ಅವತ್ತಿನಿಂದ ಆ ಪದ ಬಿಟ್ಟೆ. ಈಗ "ಮಾತ್ರೆಯಿಂದ ಹತೋಟಿಯಲ್ಲಿದೆ, ಬಿಟ್ಟರೆ ಮತ್ತೆ ಏರುತ್ತೆ" ಅನ್ನುತ್ತೇನೆ. ಉದ್ದವಾಯಿತು ನಿಜ, ಆದರೂ ಪ್ರತಿ ಸಲವೂ ಪೂರ್ತಿ ಹೇಳುತ್ತೇನೆ.

ಬೆಂಚಿನ ಮೇಲೆ ಕೂತವರು ಕಣ್ಣಿಗೆ ಬೀಳುತ್ತಾರೆ. ಬಾರದವರು ಕಾಣುವುದು ಹೇಗೆ? ಕ್ಷಯರೋಗದ ಕಾರ್ಯಕ್ರಮದಲ್ಲಿ ಪ್ರತಿ ರೋಗಿಗೂ ಒಂದು ಕಾರ್ಡು ಇಡುವುದು ಹಳೇ ರೂಢಿ. ಅದನ್ನೇ ತಂದುಕೊಂಡೆ. ಒಂದು ಮರದ ಡಬ್ಬಿ, ಅದರಲ್ಲಿ ತಿಂಗಳಿಗೊಂದರಂತೆ 12 ಖಾನೆ. ಬಿಪಿ, ಶುಗರ್ ಇರುವ ಎಲ್ಲರಿಗೂ ಒಂದೊಂದು ಕಾರ್ಡು. ರೋಗಿ ಬಂದರೆ ಬಿಪಿ ಬರೆದು, ಮುಂದೆ ಯಾವಾಗ ಬರಬೇಕೋ ಆ ತಿಂಗಳ ಖಾನೆಗೆ ಕಾರ್ಡು ಹಾಕುತ್ತೇವೆ. ತಿಂಗಳು ಮುಗಿದಾಗ ಹಿಂದೆ ಉಳಿದ ಕಾರ್ಡುಗಳೇ ಬಾರದವರದು. ಮೊದಲ ತಿಂಗಳು ಉಳಿದ ಕಾರ್ಡು ಒಂದು ಕೈಯಲ್ಲಿ ಹಿಡಿಯಲಿಲ್ಲ. ಅಷ್ಟು ಜನ ನನಗೆ ಗೊತ್ತಿಲ್ಲದಂತೆ ಔಷಧಿ ಬಿಟ್ಟಿದ್ದರು.

ಶನಿವಾರ ಸಂಜೆ ಸಹಾಯಕಿ ಫೋನ್ ಮಾಡಲು ಶುರು ಮಾಡಿದಳು. ಬೈಯಬೇಡ, ಸುಮ್ನೆ ಯಾಕೆ ಬರಲಿಲ್ಲ ಅಂತ ಕೇಳು ಅಂದಿದ್ದೆ. ಉತ್ತರಗಳಲ್ಲೇ ದಾರಿಯೂ ಇತ್ತು. ಮಳೆಗೆ ಬಸ್ಸಿಲ್ಲ, ಅಡಿಕೆ ಕೊಯ್ಲಿಗೆ ಆಳಿಲ್ಲ, ಮಾತ್ರೆ ತಿಂದರೆ ಕಿಡ್ನಿ ಹೋಗುತ್ತೆ ಅಂತ ನೆಂಟರು ಹೇಳಿದರು. ಬಿಪಿ ಹತೋಟಿಯಲ್ಲಿದ್ದವರಿಗೆ ಈಗ ಮಳೆಗಾಲಕ್ಕೂ ಕೊಯ್ಲಿಗೂ ಮೊದಲೇ ಎರಡು ತಿಂಗಳ ಮಾತ್ರೆ ಬರೆದುಕೊಡುತ್ತೇನೆ. ದುಡ್ಡಿನ ತೊಂದರೆ ಇದ್ದವರನ್ನು ಜನೌಷಧಿ ಅಂಗಡಿಗೆ ಕಳಿಸುತ್ತೇನೆ. ಆಮ್ಲೋಡಿಪಿನ್ 5 ಮಿಲಿಗ್ರಾಂ ಅಂತ ಬಿಪಿ ಔಷಧಿಯ ಹೆಸರನ್ನೇ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದಿರುತ್ತೇನೆ, ಕಂಪನಿ ಹೆಸರಲ್ಲ. ಓದಲು ಬಾರದವರ ಕವರಿನ ಮೇಲೆ ಸೂರ್ಯ, ಚಂದ್ರನ ಚಿತ್ರ. ಕಿಡ್ನಿಯ ಭಯಕ್ಕೆ ಮಾತ್ರ ಕೂತು ಮಾತಾಡಬೇಕು. ಕಿಡ್ನಿ ಕೆಡಿಸುವುದು ಹತೋಟಿ ತಪ್ಪಿದ ಬಿಪಿ, ಅದಕ್ಕೆ ಕೊಡುವ ಈ ಮಾತ್ರೆಯಲ್ಲ.

ಬಿಪಿ ನೋಡುವ ಕ್ರಮವನ್ನೂ ಬದಲಿಸಿದೆವು. ಬಸ್ಸಿಳಿದು ಓಡಿಬಂದವರಿಗೆ ಕೂಡಲೇ ಪಟ್ಟಿ ಸುತ್ತುತ್ತಿದ್ದೆ. ಈಗ ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ ಐದು ನಿಮಿಷ ಕೂರಿಸಿ, ಸಹಾಯಕಿಯೇ ನೋಡುತ್ತಾಳೆ. ಆಗ ಮಾತಿಲ್ಲ. ದಪ್ಪ ತೋಳಿಗೆ ದೊಡ್ಡ ಪಟ್ಟಿ ಬೇರೆ ಇದೆ, ಸಣ್ಣದು ಸುತ್ತಿದರೆ ಇಲ್ಲದ ಬಿಪಿ ತೋರಿಸುತ್ತದೆ. ಇದರಿಂದ ನನಗೂ ರೋಗಿಯ ಜೊತೆ ಮಾತಾಡಲು ಎರಡು ನಿಮಿಷ ಜಾಸ್ತಿ ಸಿಕ್ಕಿತು.

ಆ ಬೆಳೆಗಾರರು ಈಗ ಕೋಲೂರಿ ನಡೆಯುತ್ತಾರೆ. ಬಲಗೈಗೆ ಇನ್ನೂ ಬಲ ಬಂದಿಲ್ಲ. ತಿಂಗಳಿಗೊಮ್ಮೆ ಬಂದಾಗ ಎಡಗೈಯಲ್ಲಿ ತಾವೇ ಕಾರ್ಡು ತೆಗೆದು ಮುಂದಿನ ಖಾನೆಗೆ ಹಾಕುತ್ತಾರೆ. ನಾವು ಯಾರೂ ಅದಕ್ಕೆ ಕೈ ಹಚ್ಚುವುದಿಲ್ಲ.