ಹೆಡ್‌ಸೆಟ್ ಕಳಚಿದ ಮೇಲೂ ಉಳಿಯಬೇಕಾದದ್ದು: ವಿಆರ್ ಪ್ರದರ್ಶನ ನಡೆಸುವ ಬಗೆ

ಹೆಡ್‌ಸೆಟ್ ಎಂಬ ಕಣ್ಣು ಮುಚ್ಚುವ ಸಾಧನವನ್ನು ತೊಟ್ಟು, ಸುತ್ತಲೂ ಬೇರೊಂದು ಜಾಗವೇ ಇರುವಂತೆ ಕಾಣುವ ವರ್ಚುವಲ್ ರಿಯಾಲಿಟಿಯ (ವಿಆರ್) ಮೂಲಕ ವಿದ್ಯಾರ್ಥಿಗಳಿಗೆ ಪರರ ಬದುಕನ್ನು ಪರಿಚಯಿಸಬೇಕೆಂದಿರುವ ಶಿಕ್ಷಕರು, ಈ ಉಪಕರಣಕ್ಕೆ ಸಾಧ್ಯವಾಗುವುದೇನು, ಆಗದಿರುವುದೇನು ಎಂಬುದನ್ನು ಮೊದಲು ತಿಳಿದಿರಬೇಕು. 2015ರಲ್ಲಿ ಚಿತ್ರ ನಿರ್ದೇಶಕ ಕ್ರಿಸ್ ಮಿಲ್ಕ್ ವಿಆರ್ ಅನ್ನು ಅನುಭೂತಿಯ, ಅಂದರೆ ಇನ್ನೊಬ್ಬರ ಭಾವವನ್ನು ತನ್ನದೆಂಬಂತೆ ಅರಿಯುವುದರ, ಪರಮ ಯಂತ್ರವೆಂದು ಬಣ್ಣಿಸಿದರು. ಜೋರ್ಡಾನಿನ ಝಾತಾರಿ ನಿರಾಶ್ರಿತರ ಶಿಬಿರದ 12 ವರ್ಷದ ಸಿರಿಯನ್ ಬಾಲಕಿಯ ದಿನಚರಿಯನ್ನು ತೋರುವ ‘ಕ್ಲೌಡ್ಸ್ ಓವರ್ ಸಿದ್ರಾ’ ಎಂಬ ಅವರ ಚಿತ್ರ ಅದೇ ವರ್ಷ ದಾವೋಸ್‌ನ ವಿಶ್ವ ಆರ್ಥಿಕ ವೇದಿಕೆಯ ಸಭೆಯಲ್ಲಿ ಪ್ರದರ್ಶನಗೊಂಡಿತ್ತು.

ಸಂಶೋಧನೆಗಳು ಹೇಳುವುದು ಅಷ್ಟು ಸರಳವಾಗಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆ ಕಳೆದುಕೊಳ್ಳುವ ಅನುಭವವನ್ನು ವಿಆರ್‌ನಲ್ಲಿ ಪಡೆದವರು, ಅದೇ ಕಥನವನ್ನು ಓದಿ ಕಲ್ಪಿಸಿಕೊಂಡವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ವಸತಿ ಪರವಾದ ಮನವಿಗೆ ಸಹಿ ಹಾಕಿದರು. ಆದರೆ 43 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2021ರ ವಿಶ್ಲೇಷಣೆಯ ಪ್ರಕಾರ, ವಿಆರ್ ಮರುಕವನ್ನು ಹೆಚ್ಚಿಸುತ್ತದೆಯೇ ಹೊರತು ಇನ್ನೊಬ್ಬರ ದೃಷ್ಟಿಯಿಂದ ಯೋಚಿಸುವ ಶಕ್ತಿಯನ್ನಲ್ಲ. ಎಲ್ಲವೂ ಕಣ್ಣೆದುರೇ ಬಂದು ನಿಂತಾಗ ಕಲ್ಪನೆಗೆ ಕೆಲಸವೇ ಉಳಿಯುವುದಿಲ್ಲವೆಂಬುದು ಇದಕ್ಕೆ ಕಾರಣವಿರಬಹುದೆಂದು ನನಗೆ ತೋರುತ್ತದೆ. ಆ ಕೆಲಸವನ್ನು ಪ್ರದರ್ಶನ ನಡೆಸುವವರು ನೋಡುಗರಿಂದಲೇ ಮಾಡಿಸಬೇಕು.

ಆಯ್ಕೆಯ ಹಂತದಲ್ಲಿಯೇ ಹೆಚ್ಚಿನ ಎಚ್ಚರ ಬೇಕು. ಸಂಬಂಧಪಟ್ಟ ವ್ಯಕ್ತಿಯೇ ತನ್ನ ದನಿಯಲ್ಲಿ ಮಾತನಾಡುವ ಚಿತ್ರವನ್ನು ಆರಿಸಿರಿ. ಅಂಗವೈಕಲ್ಯವನ್ನು ಕೆಲವು ನಿಮಿಷ ಅನುಕರಿಸುವ ಪ್ರಯೋಗಗಳನ್ನು ದೂರವಿಡಿರಿ. ಕಣ್ಣಿಗೆ ಬಟ್ಟೆ ಕಟ್ಟಿ ನಡೆಸಿದ ಅಧ್ಯಯನವೊಂದರಲ್ಲಿ ಭಾಗವಹಿಸಿದವರು, ಅಂಧರು ಸ್ವತಂತ್ರವಾಗಿ ಬದುಕಲು, ದುಡಿಯಲು ಅಷ್ಟಾಗಿ ಸಮರ್ಥರಲ್ಲವೆಂದು ಭಾವಿಸಿದ್ದು ಕಂಡುಬಂದಿತು. ದಿಢೀರನೆ ಕಣ್ಣು ಕತ್ತಲಾದವರ ಗಾಬರಿಯಷ್ಟೇ ಅವರಿಗೆ ದಕ್ಕಿತು. ವರ್ಷಗಟ್ಟಲೆ ಅಭ್ಯಾಸದಿಂದ ಬಂದ ಜಾಣ್ಮೆಯ ಪರಿಚಯ ಆಗಲೇ ಇಲ್ಲ. ಮರುಕ ಹುಟ್ಟಿಸಿ ಗೌರವವನ್ನು ಕಡಿಮೆ ಮಾಡುವ ಪ್ರದರ್ಶನಕ್ಕಿಂತ ಪ್ರದರ್ಶನವಿಲ್ಲದಿರುವುದೇ ಲೇಸು.

ನೋಡುಗರನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ, ಹತ್ತು ನಿಮಿಷದೊಳಗೆ ಮುಗಿಸಿರಿ. ತಲೆಸುತ್ತು ಅಥವಾ ವಾಕರಿಕೆ ಬಂದವರು ಕೂಡಲೇ ಹೆಡ್‌ಸೆಟ್ ತೆಗೆಯಲಿ. ಲೆನ್ಸುಗಳನ್ನು ಒಣ ಮೆದು ಬಟ್ಟೆಯಿಂದಲೇ ಒರೆಸಬೇಕು; ಅವುಗಳ ಮೇಲೆ ಬಿಸಿಲು ಬಿದ್ದರೆ ಒಳಗಿನ ಪರದೆ ಸುಟ್ಟು ಹಾಳಾಗುತ್ತದೆ.

ಪ್ರದರ್ಶನಕ್ಕೆ ಮೊದಲು, ಚಿತ್ರದಲ್ಲಿ ಕಾಣುವ ಜನರ ಬಗ್ಗೆ ತಮಗೇನು ಗೊತ್ತಿದೆ, ಅವರಿಗಾಗಿ ತಾವೇನು ಮಾಡಿದ್ದೇವೆ ಎಂಬುದನ್ನು ಪ್ರತಿಯೊಬ್ಬರೂ ಹಾಳೆಯಲ್ಲಿ ಬರೆದಿಡಲಿ. ಮುಗಿದ ಕೂಡಲೇ ‘ಹೇಗನ್ನಿಸಿತು?’ ಎಂದು ಕೇಳಬೇಡಿರಿ, ಏಕೆಂದರೆ ಆ ಪ್ರಶ್ನೆ ಮಾತನ್ನು ನೋಡುಗನ ಭಾವನೆಯ ಸುತ್ತಲೇ ಕಟ್ಟಿಹಾಕುತ್ತದೆ. ಕ್ಯಾಮೆರಾ ಎಲ್ಲಿ ಇಡಬೇಕೆಂದು ನಿರ್ಧರಿಸಿದವರು ಯಾರು, ಅದು ತೋರಿಸದೆ ಬಿಟ್ಟದ್ದೇನು, ‘ಕ್ಲೌಡ್ಸ್ ಓವರ್ ಸಿದ್ರಾ’ದಂಥ ಚಿತ್ರವಾದರೆ ಆ ಹುಡುಗಿ ನಾಳೆ ಬೆಳಿಗ್ಗೆ ಎದ್ದಾಗ ಅವಳ ಮೊದಲ ಚಿಂತೆ ಏನಿರಬಹುದು ಎಂದು ಕೇಳಿರಿ. ನಾವು ಬೇಕೆಂದಾಗ ಶಿಬಿರದಿಂದ ಹೊರಬಂದೆವು, ಅವಳು ಬರಲಾರಳು ಎಂಬ ಅಂತರವನ್ನೂ ಚರ್ಚೆಗೆ ತನ್ನಿರಿ. ಪರಕಾಯ ಪ್ರವೇಶ ಮಾಡಿಬಂದೆವೆಂಬ ಭ್ರಮೆಯನ್ನು ಕಳೆಯಲು ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಾಣೆ. ಸಾಧ್ಯವಾದರೆ, ಅಂಥದೇ ಬದುಕನ್ನು ಬಾಳಿದವರನ್ನು ಗೌರವದಿಂದ ಆಹ್ವಾನಿಸಿ, ಅವರ ಮಾತನ್ನು ಕೇಳಲು ಪ್ರದರ್ಶನಕ್ಕಿಂತ ಹೆಚ್ಚಿನ ಸಮಯ ಮೀಸಲಿಡಿರಿ.

ಎಂಟು ವಾರಗಳ ನಂತರ ಮೊದಲಿನ ಹಾಳೆಗಳನ್ನು ಹಿಂದಿರುಗಿಸಿ, ಅದೇ ಪ್ರಶ್ನೆಗಳಿಗೆ ಮತ್ತೆ ಉತ್ತರ ಬರೆಸಿರಿ. ‘ಬಹಳ ದುಃಖವಾಯಿತು’ ಎಂಬ ಸಾಲಿಗಿಂತ, ಯಾರನ್ನು ಮಾತನಾಡಿಸಿದರು, ಏನನ್ನು ಓದಿದರು, ಎಷ್ಟು ಹೊತ್ತು ನೆರವಾದರು ಎಂಬ ವಿವರಗಳನ್ನು ಹುಡುಕಿರಿ.