ಚಳಿಗಾಲದ ಲೇಕ್ ಟ್ರೌಟ್: ಮೀನು ಹಿಂದೆ ಬಂದರೆ ಗಾಳ ನಿಲ್ಲಿಸಬೇಡಿ

ಲೇಕ್ ಟ್ರೌಟ್ ಅಂದರೆ ಉತ್ತರ ಅಮೆರಿಕದ ತಣ್ಣನೆಯ ಕೆರೆಗಳ ಬೇಟೆಗಾರ ಮೀನು. ಬೇಸಿಗೆಯಲ್ಲಿ ಅದು ಬೇಕೆಂದರೆ ಆಳಕ್ಕೇ ಹೋಗಬೇಕು. ಅದಕ್ಕೆ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಣ್ಣನೆಯ ನೀರು ಇಷ್ಟ. ಚಳಿಗಾಲದಲ್ಲಿ ಇಡೀ ಕೆರೆಯೇ ತಣ್ಣಗಿರುತ್ತದೆ, ಹಾಗಾಗಿ ಮೀನು ಎಲ್ಲಿ ಬೇಕಾದರೂ ಇರಬಹುದು. ಹೆಪ್ಪುಗಟ್ಟಿದ ಕೆರೆಯ ಮೇಲೆ ರಂಧ್ರ ಕೊರೆದು ಗಾಳ ಬಿಟ್ಟರೆ, ಐಸ್ ಕೆಳಗೆ ಹತ್ತಡಿಯಲ್ಲೂ ಸಿಗುತ್ತದೆ. ಸುಮ್ನೆ ತಳದಲ್ಲೇ ಗಾಳ ಬಿಟ್ಟು ಕೂರಬೇಡಿ.

ನಾನು ಬಳಸುವುದು ಬಿಳಿ ಟ್ಯೂಬ್ ಜಿಗ್, ಅಂದರೆ ತೂಕದ ಕೊಕ್ಕೆಗೆ ಸಿಕ್ಕಿಸಿದ ಕೊಳವೆಯಾಕಾರದ ಮೆದು ಪ್ಲಾಸ್ಟಿಕ್ ಎರೆ. ತಳ ಮುಟ್ಟಿಸಿ, ಎರಡಡಿ ಮೇಲೆತ್ತಿ, ಮತ್ತೆ ಬೀಳಲು ಬಿಡಿ. ಬೀಳುವಾಗ ದಾರ ತೀರಾ ಸಡಿಲ ಬೇಡ, ಎಷ್ಟೋ ಸಲ ಆಗಲೇ ಕಚ್ಚುತ್ತದೆ. ಸೋನಾರ್ (ಶಬ್ದದ ಅಲೆಗಳಿಂದ ನೀರೊಳಗಿನ ಮೀನನ್ನು ತೋರಿಸುವ ಯಂತ್ರ) ಪರದೆಯ ಮೇಲೆ ಮೀನಿನ ಗೆರೆ ಜಿಗ್ ಹಿಂದೆಯೇ ಮೇಲೇರುತ್ತಿದೆಯಾ? ಕೈ ನಿಲ್ಲಿಸಬೇಡಿ, ಇನ್ನೂ ಜೋರಾಗಿ ಸುತ್ತಿ. ಓಡಿಹೋಗುವ ಬೇಟೆಯನ್ನು ಅದು ಬಿಡುವುದಿಲ್ಲ. ನಿಲ್ಲಿಸಿದರೆ ಒಂದು ಕ್ಷಣ ನೋಡಿ ತಿರುಗಿ ಹೋಗುತ್ತದೆ. ನಾನು ಹೀಗೆ ಕಳೆದುಕೊಂಡದ್ದು ಲೆಕ್ಕವಿಲ್ಲ! ಅಷ್ಟು ವೇಗವಾಗಿ ಮೇಲೇರಲು ಅದಕ್ಕೆ ತೊಂದರೆಯೂ ಇಲ್ಲ. ಮೇಲೇರಿದಂತೆ ಹಿಗ್ಗುವ ಈಜುಚೀಲದ (ತೇಲಲು ನೆರವಾಗುವ, ದೇಹದೊಳಗಿನ ಚೀಲ) ಗಾಳಿಯನ್ನು ಬಾಯಿಂದ ಹೊರಬಿಡುತ್ತದೆ. ರಂಧ್ರದಲ್ಲಿ ಗುಳ್ಳೆ ಕಂಡರೆ ಅದೇ.

ಜಾಗ ಹುಡುಕುವುದಾದರೆ ಕಲ್ಲಿನ ದಿಬ್ಬ ಥಟ್ಟನೆ ಆಳಕ್ಕಿಳಿಯುವ ಅಂಚು ನೋಡಿ. ಅರ್ಧ ಗಂಟೆ ಏನೂ ಕಾಣದಿದ್ದರೆ ಬೇರೆ ರಂಧ್ರ ಕೊರೆಯಿರಿ.

ನಡೆದು ಹೋಗಲು ಕನಿಷ್ಠ 4 ಇಂಚು ಗಟ್ಟಿ, ಪಾರದರ್ಶಕ ಐಸ್ ಬೇಕು. ಬಿಳಿ ಐಸ್ ಆದರೆ ಅದರ ಎರಡರಷ್ಟು. ಶರತ್ಕಾಲದಲ್ಲಿ ಮೊಟ್ಟೆಯಿಡುವ ಸಮಯಕ್ಕೆ ಹಲವು ಕಡೆ ಹಿಡಿಯುವಂತಿಲ್ಲ, ನಿಯಮ ನೋಡಿಕೊಳ್ಳಿ. ದೊಡ್ಡದು ಸಿಕ್ಕರೆ ಬಿಟ್ಟುಬಿಡಿ. ಬಹಳ ನಿಧಾನವಾಗಿ ಬೆಳೆಯುವ ಮೀನು ಇದು. ಕೊರೆಯುವ ಚಳಿಯಲ್ಲಿ ಅದನ್ನು ಐಸ್ ಮೇಲೆ ಹಾಕಿ ಫೋಟೋ ತೆಗೆಯುತ್ತಾ ಕೂತರೆ ಕಿವಿರು ಹೆಪ್ಪುಗಟ್ಟುತ್ತದೆ, ಅಲ್ವಾ?